ಕೃಷ್ಣೆಯ ಹೊಸ ನೀರು ಮತ್ತು ಕಪ್ಪಾದ ಬಾಟಲಿ

ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು ಕೃಷ್ಣೆಗೆ ಕೆಂಪು ನೀರು ಬಂದ ದಿನ, ಜಮಖಂಡಿ ತಾಲ್ಲೂಕಿನ ನಮ್ಮ ಊರಿನ ಹೆಣ್ಣುಮಕ್ಕಳು ಹೊಳೆದಂಡೆಗೆ ಹೋಗಿ ಅರಿಷಿಣ-ಕುಂಕುಮ ಏರಿಸಿ ಬರುತ್ತಾರೆ. ನಮ್ಮ ಅವ್ವ ಬರುವಾಗ ಒಂದು ಕೊಡ ಹೊಸ ನೀರನ್ನೂ ತರುತ್ತಾಳೆ. ಅದರಲ್ಲಿ ತುರಟಿಯ (ಪಟಿಕದ) ಹರಳನ್ನು ನಾಲ್ಕು ಸುತ್ತು ತಿರುವಿ ಬಿಟ್ಟರೆ, ಬೆಳಗಾಗುವುದರೊಳಗೆ ಮಣ್ಣೆಲ್ಲ ತಳಕ್ಕಿಳಿದು ನೀರು ಕನ್ನಡಿಯಂತಾಗುತ್ತದೆ. ಹೋದ ವರ್ಷ ಆ ತಿಳಿ ನೀರನ್ನೇ, ಮಲ ಸೇರಿದೆಯೇ ಎಂದು ನೋಡುವ ಪರೀಕ್ಷೆಯ ಸಣ್ಣ ಬಾಟಲಿಗೆ ಗುರುತಿನವರೆಗೆ ತುಂಬಿ, ಅಡುಗೆಮನೆಯ ಮಾಡದಲ್ಲಿ ಇಟ್ಟೆ. ಮರುದಿನ ಅದು ಮಸಿಯಂತೆ ಕಪ್ಪಾಗಿತ್ತು. ಅವ್ವ ಬಹಳ ಹೊತ್ತು ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಮಾತಾಡದೆ ಕೊಡದ ನೀರನ್ನು ಹಿತ್ತಲಿನ ಗಿಡಕ್ಕೆ ಸುರಿದಳು.

ಇದು ನಮ್ಮ ದೇಶದ ವಿಜ್ಞಾನಿಗಳೇ 1982ರಲ್ಲಿ ಪ್ರಕಟಿಸಿದ ಸರಳ ಪರೀಕ್ಷೆ. ನೀರಿಗೆ ಮಲ ಸೇರಿದ್ದರೆ ಅದರೊಡನೆ ಬಂದ ಬ್ಯಾಕ್ಟೀರಿಯಾಗಳು ಬಾಟಲಿಯೊಳಗೆ ಬೆಳೆದು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹುಟ್ಟಿಸುತ್ತವೆ, ಅದು ಅಲ್ಲಿರುವ ಕಬ್ಬಿಣದ ಅಂಶದೊಡನೆ ಕೂಡಿ ಕಪ್ಪಾಗುತ್ತದೆ. ಮಲ ಸೇರಿದ ನೀರಿನಲ್ಲಿ ವಿಷಮಶೀತ ಜ್ವರದ, ವಾಂತಿ-ಭೇದಿಯ, ಕಾಮಾಲೆಯ ಸೂಕ್ಷ್ಮಜೀವಿಗಳೂ ಇರಬಹುದೆಂಬುದೇ ಅದರ ಎಚ್ಚರಿಕೆ. ತುರಟಿಯಿಂದ ಮಣ್ಣಿನ ಜೊತೆ ಕೆಲವು ತಳಕ್ಕಿಳಿಯುತ್ತವೆ ನಿಜ, ಆದರೆ ಉಳಿದವು ಸಾಯುವುದಿಲ್ಲ. ಬೇಸಿಗೆಯಿಡೀ ದಂಡೆಯಲ್ಲಿ, ಹಳ್ಳಗಳಲ್ಲಿ ಬಿದ್ದ ಹೊಲಸನ್ನೆಲ್ಲ ಬಳಿದುಕೊಂಡು ಬರುವುದರಿಂದ ಮೊದಲ ನೀರಿನಲ್ಲಿ ಈ ಅಪಾಯ ಹೆಚ್ಚು.

ಹಿಂದಿನವರು ಹರಿಯುವ ನೀರನ್ನು ನೇರವಾಗಿ ಕುಡಿಯುತ್ತಿರಲಿಲ್ಲ. ಹೊಳೆಯ ಮರಳಿನಲ್ಲಿ ಮೊಣಕೈ ಆಳದ ವರತಿ ತೋಡಿ, ಮೊದಲ ನೀರನ್ನು ಚೆಲ್ಲಿ, ಆಮೇಲೆ ಒಸರಿದ್ದನ್ನು ಬಟ್ಟಲಿನಿಂದ ತುಂಬಿಕೊಳ್ಳುತ್ತಿದ್ದರು. ಮರಳಿನ ಕಣಗಳ ನಡುವೆ ನಿಧಾನವಾಗಿ ಬಸಿಯುವಾಗ ಸೂಕ್ಷ್ಮಜೀವಿಗಳು ಬಹುಪಾಲು ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಆ ಮರಳನ್ನು ನಾವು ಲಾರಿಗಳಲ್ಲಿ ಸಾಗಿಸಿ ಮನೆ ಕಟ್ಟಿಕೊಂಡೆವು. ಚಿಕ್ಕಪಡಸಲಗಿಯಲ್ಲಿ ರೈತರೇ ದುಡ್ಡು ಕೂಡಿಸಿ 1989ರಲ್ಲಿ ಕಟ್ಟಿದ ಬ್ಯಾರೇಜಿನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಬೇಸಿಗೆಯಲ್ಲಿ ಹೀಗೆ ನಿಂತ ಹಿನ್ನೀರಿಗೆ ಊರ ಗಟಾರು ಬಂದು ಬಿದ್ದರೆ ಅದನ್ನು ತೊಳೆದೊಯ್ಯುವ ಹರಿವು ಇರುವುದಿಲ್ಲ. ಹೊಲಸೆಲ್ಲ ಮಹಾರಾಷ್ಟ್ರದಲ್ಲಿ ಕೃಷ್ಣೆಯನ್ನು ಕೂಡುವ ಪಂಚಗಂಗೆಯಿಂದಲೇ ಬರುತ್ತದೆ ಎಂದು ಮೇಲಿನವರತ್ತ ಕೈ ತೋರಿಸುವುದು ನಮಗೆ ರೂಢಿಯಾಗಿದೆ. ಆದರೆ ಘಟಪ್ರಭೆಯ ದಂಡೆಯಲ್ಲಿ ಮುಧೋಳದವರಿಗೆ ಗೋಕಾಕದವರು ಮೇಲಿನವರು, ಕೃಷ್ಣೆಯ ದಂಡೆಯಲ್ಲಿ ಆಲಮಟ್ಟಿಯವರಿಗೆ ನಾವೇ ಮೇಲಿನವರು.

ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಮಲದೊಡನೆ ಬರುವ ಇ. ಕೋಲಿ ಬ್ಯಾಕ್ಟೀರಿಯಾ ಒಂದೇ ಒಂದು ಸಹ ಕಾಣಿಸಿಕೊಳ್ಳಬಾರದು. ಇಷ್ಟಿದ್ದರೂ ನಮ್ಮಲ್ಲಿ ಟಿಡಿಎಸ್ ಮೀಟರನ್ನು ಗ್ಲಾಸಿನಲ್ಲಿ ಅದ್ದಿ, ‘ನೀರು ಚಲೋ ಅದ’ ಎಂದು ಹೇಳಿ ಹೋಗುವವರನ್ನು ನಂಬುತ್ತೇವೆ. ಆ ಮೀಟರು ಅಳೆಯುವುದು ಕರಗಿದ ಲವಣಗಳನ್ನು. ಸವಳು ನೀರು ಅದಕ್ಕೆ ತಿಳಿಯುತ್ತದೆ, ಜ್ವರದ ನೀರು ತಿಳಿಯುವುದಿಲ್ಲ.

ಹೊಸ ನೀರು ಬಂದ ವಾರದಲ್ಲಿ ಪ್ರತಿ ಗ್ರಾಮ ಪಂಚಾಯಿತಿ ಈ ಬಾಟಲಿಯ ಪರೀಕ್ಷೆಯನ್ನು ಮಾಡಿಸಿ, ಫಲಿತಾಂಶವನ್ನು ಕಟ್ಟೆಯ ಮೇಲಿನ ಫಲಕದಲ್ಲಿ ಬರೆಯಬೇಕೆಂಬುದು ನನ್ನ ಬೇಡಿಕೆ. ಅಲ್ಲಿಯವರೆಗೆ ದಯವಿಟ್ಟು ನೀರನ್ನು ಕೊತಕೊತ ಕುದಿಸಿ. ಕ್ಲೋರಿನ್ನಿಗೆ ಜಗ್ಗದ, ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿ ಕೂಡ ಒಂದು ನಿಮಿಷದ ಕುದಿತಕ್ಕೆ ಸಾಯುತ್ತದೆ. ಈ ಬಾರಿ ಹೊಳೆ, ಬಾವಿ, ಟ್ಯಾಂಕು, ಶಾಲೆಯ ನಲ್ಲಿ ಹೀಗೆ ನಾಲ್ಕು ಕಡೆಯ ನೀರನ್ನು ಬಾಟಲಿಗಳಿಗೆ ತುಂಬಿ ಇಡುತ್ತೇನೆ. ಯಾವುದು ಕಪ್ಪಾಯಿತೆಂಬುದನ್ನು ಇಲ್ಲಿಯೇ ಬರೆಯುತ್ತೇನೆ.