ಜೇಬಿಗೊಂದು ಕ್ಯಾಮೆರಾ

ಫಿಲ್ಮ್ ಕ್ಯಾಮೆರಾ ಕೊಳ್ಳುವವರು ಮೊದಲು ಲೆನ್ಸು ನೋಡುತ್ತಾರೆ. ದಿನಾ ಜೇಬಿನಲ್ಲಿ ಇಟ್ಟುಕೊಳ್ಳಲು ಬೇಕು ಅಂದರೆ ಮೊದಲು ಜೇಬು ನೋಡಿಕೊಳ್ಳಬೇಕು. ಅಂಗಿ ಜೇಬಿನಲ್ಲಿಟ್ಟರೆ, ಕೆಳಗೆ ಬಿದ್ದ ಪೆನ್ನು ಎತ್ತಲು ಬಗ್ಗಿದಾಗ ಕ್ಯಾಮೆರಾ ನಮಗಿಂತ ಮುಂಚೆ ನೆಲ ಮುಟ್ಟುತ್ತದೆ. ಪ್ಯಾಂಟಿನ ಹಿಂದಿನ ಜೇಬಂತೂ ಬೇಡವೇ ಬೇಡ, ಮನುಷ್ಯ ಒಂದಲ್ಲ ಒಂದು ಹೊತ್ತಿನಲ್ಲಿ ಕೂರಲೇಬೇಕು. ಉಳಿದದ್ದು ಮುಂದಿನ ಜೇಬು.

ರೋಲೈ 35 ನೋಡಿದವರಿಗೆ ಆಸೆಯಾಗದೆ ಇರುವುದಿಲ್ಲ. ಹೈಂಟ್ಸ್ ವಾಸ್ಕೆ ಎಂಬ ಜರ್ಮನ್ ಎಂಜಿನಿಯರ್ ರೂಪಿಸಿದ್ದು, 1966ರಲ್ಲಿ ಬಂದದ್ದು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು. ಆದರೆ ಪೂರ್ತಿ ಲೋಹ. ಬಲ ಜೇಬಿನಲ್ಲಿಟ್ಟರೆ ಪ್ಯಾಂಟು ಬಲಕ್ಕೆ ವಾಲುತ್ತದೆ. ಲೆನ್ಸನ್ನು ಹೊರಗೆಳೆದು ತಿರುಗಿಸಿ ಕೂರಿಸಬೇಕು. ಮತ್ತೆ ಒಳಗೆ ತಳ್ಳಬೇಕಾದರೆ ಮೊದಲು ಫಿಲ್ಮ್ ಮುಂದಕ್ಕೆ ಸರಿಸಿರಬೇಕು, ಇಲ್ಲದಿದ್ದರೆ ಅದು ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಇನ್ನು ಎಷ್ಟು ದೂರ ಅಂತ ಕಣ್ಣಳತೆಯಲ್ಲೇ ಅಂದಾಜು ಮಾಡಬೇಕು. ಗೆಳೆಯನನ್ನು ನಿಲ್ಲಿಸಿ ಎರಡು ಮೀಟರೋ ಮೂರೋ ಅಂತ ನಾನು ಲೆಕ್ಕ ಹಾಕುತ್ತಿದ್ದರೆ, ಅವನ ನಗು ಮುಗಿದು ಆಕಳಿಕೆ ಶುರುವಾಗಿರುತ್ತದೆ. ಫ್ಲ್ಯಾಶ್ ಕೂರಿಸುವ ಜಾಗ ಬೇರೆ ಕ್ಯಾಮೆರಾದ ತಳದಲ್ಲಿದೆ! ತಲೆಕೆಳಗೆ ಹಿಡಿದು ತೆಗೆಯದಿದ್ದರೆ ಬೆಳಕು ಗಲ್ಲದ ಕೆಳಗಿಂದ ಬಂದು ಒಳ್ಳೆ ಮನುಷ್ಯರೂ ದೆವ್ವದ ಪಾತ್ರಕ್ಕೆ ಆಯ್ಕೆಯಾಗುತ್ತಾರೆ.

ಹಳೇ ಕ್ಯಾಮೆರಾಗಳಿಗೆ ಇನ್ನೊಂದು ರೋಗವಿದೆ. ಬೆಳಕು ಒಳಗೆ ನುಗ್ಗದಿರಲಿ ಅಂತ ಹಿಂಬಾಗಿಲ ಅಂಚಿಗೆ ಸ್ಪಂಜು ಅಂಟಿಸಿರುತ್ತಾರೆ. ವರ್ಷಗಳು ಕಳೆದಂತೆ ಅದು ಕರಗಿ ಕಪ್ಪು ಅಂಟಾಗುತ್ತದೆ. ಬೆರಳಿಂದ ಕರ್ಚೀಫಿಗೆ, ಕರ್ಚೀಫಿನಿಂದ ಮುಖಕ್ಕೆ. "ಏನ್ರೀ ಅದು, ಮೀಸೆ ಕೆನ್ನೆವರೆಗೂ ಬಂದಿದೆ?" ಅಂತ ಹೆಂಡತಿ ಕೇಳಿದ ಮೇಲೆಯೇ ನನಗೆ ಗೊತ್ತಾದದ್ದು.

ಹಾಗಾದರೆ ಹಗುರವಾದ ಆಟೋಮ್ಯಾಟಿಕ್ ಒಳ್ಳೆಯದು, ಅಲ್ವಾ? 1997ರ ಒಲಿಂಪಸ್ ಮ್ಯೂ-2 ಜೇಬಿನಲ್ಲಿದ್ದದ್ದೇ ಗೊತ್ತಾಗುವುದಿಲ್ಲ. ಲೆನ್ಸಿಗೆ ಜಾರುವ ಮುಚ್ಚಳ, ಮಳೆ ಹನಿಗೂ ಹೆದರದ ಮೈ. ಒಂದೇ ಹಠ: ಮುಚ್ಚಳ ತೆರೆದಾಗಲೆಲ್ಲ ಫ್ಲ್ಯಾಶ್ ತಾನಾಗಿಯೇ ಆಟೋಗೆ ಮರಳುತ್ತದೆ. ಭಾಷಣದ ನಡುವೆ ತೂಕಡಿಸುತ್ತಿದ್ದ ಹಿರಿಯರೊಬ್ಬರನ್ನು ಸುಮ್ನೆ ಕದ್ದು ತೆಗೆಯೋಣ ಅಂತ ಹೋದೆ. ಮಿಂಚು ಹೊಡೆಯಿತು. ಅವರು ಎಚ್ಚೆತ್ತು ಚಪ್ಪಾಳೆ ತಟ್ಟಿದರು. ಭಾಷಣ ಇನ್ನೂ ಮುಗಿದಿರಲಿಲ್ಲ.

ಕಾಂಟ್ಯಾಕ್ಸ್ ಟಿ2 ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೈಟೇನಿಯಂ ಮೈ, ಒಳ್ಳೆ ಲೆನ್ಸು. ಅದನ್ನು ಕೊಂಡವರ ಜೇಬಿನಲ್ಲಿ ಬೇರೇನೂ ಉಳಿಯುವುದಿಲ್ಲವಾದ್ದರಿಂದ ಜಾಗದ ತೊಂದರೆ ಇರಲಾರದು. ಒಂದು ಚಿತ್ರದ ಜಾಗದಲ್ಲಿ ಎರಡು ಹಿಡಿಸುವ ಹಾಫ್ ಫ್ರೇಮ್ ಕ್ಯಾಮೆರಾಗಳೂ ಇವೆ, 2024ರಲ್ಲಿ ಪೆಂಟ್ಯಾಕ್ಸ್ 17 ಅಂತ ಹೊಸದೇ ಬಂತು. 36ರ ರೋಲಿನಲ್ಲಿ 72 ಚಿತ್ರ. ಉಳಿತಾಯವೇನೋ ಹೌದು, ಆದರೆ ರೋಲು ಮುಗಿಯುವುದು ಯಾವಾಗ? ನನ್ನಂಥ ಸೋಮಾರಿ ತೆಗೆದರೆ ಮಗುವಿನ ತೊಟ್ಟಿಲೂ ಸ್ಕೂಲ್ ಬ್ಯಾಗೂ ಒಂದೇ ರೋಲಿನಲ್ಲಿ ಇರುತ್ತವೆ.

ಕೊನೆಗೆ ನನ್ನ ಜೇಬು ಒಪ್ಪಿದ್ದು ಒಲಿಂಪಸ್ ಎಕ್ಸ್‌ಎ. 1979ರದು, ಯೋಶಿಹಿಸ ಮೈತಾನಿ ಅವರ ವಿನ್ಯಾಸ. ಮುಚ್ಚಳ ಜಾರಿಸಿದರೆ ತಯಾರು, ಮುಚ್ಚಿದರೆ ಲೆನ್ಸು ಭದ್ರ. ದೂರವನ್ನು ಊಹಿಸಬೇಕಿಲ್ಲ. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ (ವ್ಯೂಫೈಂಡರ್) ಎರಡು ಬಿಂಬ ಒಂದಾಗುವವರೆಗೆ ಪುಟ್ಟ ಕಡ್ಡಿಯೊಂದನ್ನು ಸರಿಸಿದರಾಯಿತು. ಕೆಂಪು ಬಟನ್ ಮಾತ್ರ ಮಹಾ ನಾಚಿಕೆಯದು, ಬೆರಳು ಸೋಕಿದರೆ ಸಾಕು ಕ್ಲಿಕ್ ಅನ್ನುತ್ತದೆ. ಹಾಗಾಗಿ ನನ್ನ ಚಪ್ಪಲಿಯ ಫೋಟೋಗಳು ಜಾಸ್ತಿ. ತಳದಲ್ಲಿ ಒಂದು ಸಣ್ಣ ಲಿವರ್ ಇದೆ, ಸೆಲ್ಫ್ ಟೈಮರಿಗೆ, ಅಂದರೆ ಬಟನ್ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಕ್ಲಿಕ್ ಆಗಲು. ಒಮ್ಮೆ ಅದು ಕರ್ಚೀಫಿಗೆ ಸಿಕ್ಕಿ ಸರಿದದ್ದು ನನಗೆ ಕಾಣಲಿಲ್ಲ. ಬಟನ್ ಒತ್ತಿದೆ, ಸದ್ದಿಲ್ಲ. ಕೆಟ್ಟುಹೋಯಿತೇ ಅಂತ ತಿರುಗಿಸಿ, ಒಂದು ಕಣ್ಣು ಮುಚ್ಚಿ ಲೆನ್ಸಿನೊಳಗೆ ಇಣುಕಿದೆ. ಆಗ ಕ್ಲಿಕ್ ಅಂದಿತು. ಪುಣ್ಯಕ್ಕೆ 0.85 ಮೀಟರಿಗಿಂತ ಹತ್ತಿರದ್ದು ಅದಕ್ಕೆ ಫೋಕಸ್ ಆಗುವುದಿಲ್ಲ. ನನ್ನ ಮೂಗಿನ ಹೊಳ್ಳೆ ಸುರಂಗವೋ ಗುಹೆಯೋ ಅಂತ ನೋಡಿದವರು ಇನ್ನೂ ವಾದಿಸುತ್ತಾರೆ.

ಈ ಕ್ಯಾಮೆರಾಕ್ಕೆ ಗೀರು ಬೀಳಬಾರದೆಂದು ಜೇಬಿನಿಂದ ಚಿಲ್ಲರೆ, ಬೀಗದ ಕೈ ಎಲ್ಲ ಹೊರಗೆ ಹಾಕಿದ್ದೇನೆ. ಮೊನ್ನೆ ಹೆಂಡತಿ ಫೋನ್ ಮಾಡಿ ಎಲ್ಲಿದ್ದೀರಿ ಅಂದಳು. ಬಾಗಿಲ ಮುಂದೆ ಅಂದೆ.

"ಬೀಗದ ಕೈ ಎಲ್ಲಿ?"

"ಒಳಗೆ."

"ಕ್ಯಾಮೆರಾ?"

"ಜೇಬಿನಲ್ಲೇ ಇದೆ."

"ಹಾಗಾದ್ರೆ ಬೀಗದ ಫೋಟೋ ತೆಗೀತಾ ಇರಿ, ನಾನು ಬರೋದು ಸಂಜೆಗೆ" ಅಂದು ಫೋನ್ ಇಟ್ಟಳು.