ಸದ್ದು ಮಾಡದ ರೈನ್‌ಕೋಟು

ನಮ್ಮ ಉಡುಪಿ ಕಡೆ ರೈನ್‌ಕೋಟ್ ಕೊಳ್ಳುವವರು ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ. ನೀರು ಒಳಗೆ ಬರ್ತದಾ? ಅಂಗಡಿಯವರ ಉತ್ತರವೂ ಒಂದೇ. ಚಾನ್ಸೇ ಇಲ್ಲ. ನಿಜ ಸಂಗತಿ ಇಬ್ಬರಿಗೂ ಗೊತ್ತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ. ಇಲ್ಲಿ ರೈನ್‌ಕೋಟಿಗೆ ಗ್ಯಾರಂಟಿ ಕೊಡುವವರ ಧೈರ್ಯ ದೊಡ್ಡದು. ನಂಬಿ ದುಡ್ಡು ಕೊಡುವವರದ್ದು ಇನ್ನೂ ದೊಡ್ಡದು.

ನನ್ನ ಪ್ರಶ್ನೆ ಸ್ವಲ್ಪ ಬೇರೆ. ಇದು ಸದ್ದು ಮಾಡ್ತದಾ?

ಹೀಗೆ ಕೇಳಿದಾಗ ಉಡುಪಿಯ ಅಂಗಡಿಯವರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಂತ ಸದ್ದು ಮಾರಾಯ್ರೆ? ಇದು ರೈನ್‌ಕೋಟು, ರೇಡಿಯೋ ಅಲ್ಲ" ಎಂದರು. ಅಂಗಡಿಯಲ್ಲಿದ್ದ ಇನ್ನಿಬ್ಬರು ನಕ್ಕರು. ನಾನೂ ನಕ್ಕೆ. ಆಮೇಲೆ ಕೋಟಿನ ಎರಡು ತೋಳನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ಉಜ್ಜಿದೆ. ಅವರ ನಗು ನಿಂತಿತು. ಇಂಥ ಗಿರಾಕಿಗೆ ಏನು ಹೇಳಬೇಕೆಂದು ಅವರಿಗೆ ತೋಚಲಿಲ್ಲ.

ಕಾರಣ ಇಷ್ಟೆ. ಮಳೆಗಾಲದ ರಾತ್ರಿ ಕಪ್ಪೆಗಳ ಕೂಗು ಕೇಳುತ್ತಾ ಕೂರುವ ಹುಚ್ಚು ನನಗೆ. ಕಪ್ಪೆ ಕಣ್ಣಿಗೆ ಸಿಗುವುದು ಕಡಿಮೆ, ಕಿವಿಗೆ ಸಿಗುವುದೇ ಜಾಸ್ತಿ. ಮಣಿಪಾಲದ ಸುತ್ತಿನ ಪದವುಗಳಲ್ಲಿ, ಅಂದರೆ ಎತ್ತರದ ಕಲ್ಲು ಬಯಲುಗಳಲ್ಲಿ, ಕೆಲಸ ನಿಂತ ಮುರಕಲ್ಲು (ಕೆಂಪುಕಲ್ಲು) ಕೋರೆಗಳಲ್ಲಿ, ಮೊದಲ ಮಳೆ ಬಿದ್ದ ರಾತ್ರಿ ಏಳುವ ಗಲಾಟೆ ಕೇಳಿದವರಿಗೇ ಗೊತ್ತು. ನಮ್ಮ ಕರಾವಳಿಯಲ್ಲಿ ಕಪ್ಪೆಯನ್ನು ಕಿವಿಯಿಂದ ಹುಡುಕುವುದೇ ಸರಿಯಾದ ಕ್ರಮ. ಕುಮಟಾ ಕಡೆ ಮಿಂಚುಳ್ಳಿಯ ಹಾಗೆ ಕೂಗುವ ಒಂದು ಕಪ್ಪೆ ಇದೆ. ಅದು ಹೊಸ ಜಾತಿ ಎಂದು ವಿಜ್ಞಾನಿಗಳು ದಾಖಲಿಸಿದ್ದು 2016ರಲ್ಲಿ. ಹೆಸರೂ 'ಕರಾವಳಿ' ಎಂದೇ ಇಟ್ಟರು. ಮಂಗಳೂರಿನ ಕೈಗಾರಿಕಾ ಪ್ರದೇಶದೊಳಗೇ ಸಿಕ್ಕ ಇನ್ನೊಂದು ಪುಟಾಣಿ ಕಪ್ಪೆಗೆ 2018ರಲ್ಲಿ 'ಕೊಡಿಯಾಲ್' ಎಂಬ ಹೆಸರು ಬಂತು, ಕೊಂಕಣಿಯಲ್ಲಿ ಮಂಗಳೂರಿಗೆ ಹಾಗೇ ಹೇಳುವುದು. ಉದ್ದ ಎರಡು ಸೆಂಟಿಮೀಟರ್ ಆಸುಪಾಸು. ಅಂಥದ್ದನ್ನು ಕತ್ತಲಲ್ಲಿ ಬರೀ ಟಾರ್ಚ್ ನಂಬಿ ಹುಡುಕುತ್ತೇನೆ ಎನ್ನುವವರಿಗೆ ದೂರದಿಂದಲೇ ನಮಸ್ಕಾರ.

ಈಗ ಮಾಮೂಲಿ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಕೋರೆಗೆ ಇಳಿಯಿರಿ. ಕೈ ಎತ್ತಿದರೆ ಒಂದು ಸದ್ದು, ಇಳಿಸಿದರೆ ಇನ್ನೊಂದು. ಪ್ಯಾಂಟಿನ ಎರಡು ಕಾಲು ತಾಗಿ ಹೆಜ್ಜೆಗೊಂದು ಚರಕ್. ಹತ್ತಿರದ ಕಪ್ಪೆ ಬಾಯಿ ಮುಚ್ಚುತ್ತದೆ. ಅದು ಮುಚ್ಚಿದ್ದು ನೋಡಿ ಪಕ್ಕದ್ದೂ ಮುಚ್ಚುತ್ತದೆ. ಸ್ವಲ್ಪ ಹೊತ್ತಿನಲ್ಲಿ ಇಡೀ ಕೋರೆ ಗಪ್‌ಚುಪ್. ಹೆಜ್ಜೆಯ ಅದುರು, ಟಾರ್ಚಿನ ಬೆಳಕು, ಇವೂ ಕಾರಣ ಇರಬಹುದು, ಒಪ್ಪುತ್ತೇನೆ. ಆದರೆ ಅವು ಮತ್ತೆ ಶುರು ಮಾಡಿದಾಗ ನನಗೆ ಕೇಳಬೇಡವಾ? ಕೋಟೇ ನನ್ನ ಕಿವಿಯ ಪಕ್ಕ ಮಾತಾಡುತ್ತಿರುತ್ತದೆ. ಉಸಿರು ಎಳೆದರೂ ಅದರದ್ದು ಒಂದು ಅಭಿಪ್ರಾಯ.

ಈ ತಾಪತ್ರಯವನ್ನು ನನಗಿಂತ ಗಂಭೀರವಾಗಿ ತಲೆಗೆ ಹಚ್ಚಿಕೊಂಡವರು ಲೋಕದಲ್ಲಿ ಇದ್ದಾರಾ ಎಂದು ಹುಡುಕಿದೆ. ಇದ್ದಾರೆ. ಅಮೆರಿಕದಲ್ಲಿ ಬಿಲ್ಲು ಬಾಣ ಹಿಡಿದು ಜಿಂಕೆ ಬೇಟೆಗೆ ಹೋಗುವವರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆಯ ತಂಟೆಗೆ ಹೋದರೆ ಸೀದಾ ಜೈಲು. ಅಲ್ಲಿ ಅದಕ್ಕೆ ಲೈಸೆನ್ಸ್ ಉಂಟು, ಸೀಸನ್ ಉಂಟು. ತುಳುನಾಡಿನಲ್ಲೂ ಹಿಂದೆ ಭೂಮಿತಾಯಿಯ ಹಬ್ಬವಾದ ಕೆಡ್ಡಸದ ಹೊತ್ತಿಗೆ ಊರವರು ಸೇರಿ ಬೇಟೆಗೆ ಹೋಗುತ್ತಿದ್ದರು. ಆದರೆ ಕೆಡ್ಡಸ ಬರುವುದು ಫೆಬ್ರವರಿಯಲ್ಲಿ. ರೈನ್‌ಕೋಟಿನ ಚಿಂತೆ ನಮ್ಮ ಅಜ್ಜಂದಿರಿಗೆ ಬರಲೇ ಇಲ್ಲ.

ಬಂದೂಕಿನವನು ಇನ್ನೂರು ಮೀಟರ್ ದೂರ ನಿಂತರೂ ಕೆಲಸ ಆಗುತ್ತದೆ. ಬಿಲ್ಲಿನವನು ಇಪ್ಪತ್ತು ಮೂವತ್ತು ಮೀಟರಿನಷ್ಟು ಹತ್ತಿರ ಇರಲೇಬೇಕು. ಇದ್ದರೆ ಸಾಲದು, ಹೆದೆ ಎಳೆಯಬೇಕು. ಎಳೆಯುವಾಗ ಭುಜ, ಬೆನ್ನು, ಮೊಣಕೈ ಎಲ್ಲವೂ ಅಲುಗಾಡುತ್ತವೆ. ಕೋಟು ಕಿರುಚುವುದು ಅದೇ ಹೊತ್ತಿಗೆ. ಬಾಣ ಬಿಟ್ಟ ಮೇಲೂ ನೆಮ್ಮದಿ ಇಲ್ಲ. ಈಗಿನ ಕಾಂಪೌಂಡ್ ಬಿಲ್ಲಿನ, ಅಂದರೆ ತುದಿಗೆ ರಾಟೆ ಇರುವ ಬಿಲ್ಲಿನ, ಬಾಣ ಸೆಕೆಂಡಿಗೆ 80-90 ಮೀಟರ್ ಓಡುತ್ತದೆ, ಸದ್ದು ಓಡುವುದು ಸುಮಾರು 340 ಮೀಟರ್. ಅಂದರೆ ಬಾಣ ಬರುತ್ತಿದೆ ಎಂಬ ಸುದ್ದಿ ಬಾಣಕ್ಕಿಂತ ಮೊದಲೇ ಜಿಂಕೆಗೆ ತಲುಪುತ್ತದೆ. ಕೋಟಿನ ಸದ್ದಿಗೆ ಆಗಲೇ ಕಿವಿ ನಿಮಿರಿಸಿ ನಿಂತ ಜಿಂಕೆಯಾದರೆ, ಬಾಣ ಮುಟ್ಟುವಷ್ಟರಲ್ಲಿ ಮೈ ತಗ್ಗಿಸಿ ಜಿಗಿದಾಯಿತು. ಹಾಗಾಗಿ ಬಟ್ಟೆ ಯಾವುದು, ಅದರ ಮೈ ಹೇಗೆ, ಒಳಪದರ ಎಂಥದ್ದು ಎಂದು ಅವರು ಮದುವೆ ಸೀರೆಗಿಂತ ಹೆಚ್ಚು ಮುಟ್ಟಿ ನೋಡುತ್ತಾರೆ.

ಒಂದು ವಿಷಯ ನನಗೆ ತುಂಬ ಹಿಡಿಸಿತು. ಜೋರು ಮಳೆಯಲ್ಲಿ ಅವರ ಪೈಕಿ ತಿಳಿದವರು ಬಾಣ ಬಿಡುವುದಿಲ್ಲ. ಗಾಯಗೊಂಡ ಪ್ರಾಣಿಯ ರಕ್ತದ ಜಾಡು ಮಳೆಗೆ ತೊಳೆದುಹೋದರೆ ಅದನ್ನು ಹುಡುಕುವುದು ಕಷ್ಟ. ಎಲ್ಲೋ ನರಳಿ ಸಾಯುತ್ತದೆ. ಹಾಗಾದರೆ ಅಷ್ಟು ದುಬಾರಿ ಕೋಟು ಯಾಕೆ? ಕಾಯುವುದಕ್ಕೆ. ಮಳೆ ಬಿಡುವವರೆಗೆ ಮರದ ಮೇಲೆ ಗಂಟೆಗಟ್ಟಲೆ ಸುಮ್ನೆ ಕೂತಿರುವುದಕ್ಕೆ. ಕಾಯುವ ವಿಷಯದಲ್ಲಿ ಅವರೂ ನಾನೂ ಒಂದೇ ಜಾತಿ. ಕೊಲ್ಲುವ ವಿಷಯ ಅವರಿಗೇ ಇರಲಿ.

ಅವರಲ್ಲಿ ಹಳಬರ ಆಯ್ಕೆ ಉಣ್ಣೆ. ಉಣ್ಣೆ ಸದ್ದೇ ಮಾಡುವುದಿಲ್ಲ. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಮಲೆನಾಡಿನ ಕಂಬಳಿ ಕೊಪ್ಪೆಯ ಗುಟ್ಟೂ ಇದೇ. ಆಗುಂಬೆಯ ಚಳಿಗೆ ಅದು ಭೇಷ್. ಘಾಟಿ ಇಳಿದು ಹೆಬ್ರಿ ಮುಟ್ಟುವಷ್ಟರಲ್ಲಿ ಕೊಪ್ಪೆ ಹೊದ್ದವನು ಒಳಗಿನಿಂದಲೇ ಬೇಯುತ್ತಾನೆ. ಉಡುಪಿಯಲ್ಲಿ ಜುಲೈ ತಿಂಗಳ ಮಳೆಯಲ್ಲೂ ಫ್ಯಾನ್ ಬೇಕು ಅಲ್ವಾ?

ನಮ್ಮ ಕರಾವಳಿಯ ಉತ್ತರ ಗೊರಬೆ. ಎಲೆ ಹೆಣೆದು ಮಾಡಿದ ಚಿಪ್ಪು. ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನು ಮುಚ್ಚುತ್ತದೆ. ನೇಜಿ ನೆಡುವ ಹೆಂಗಸರು ಅದನ್ನು ಹೊತ್ತು ಗದ್ದೆಗೆ ಬಗ್ಗಿದರೆ ಎರಡು ಕೈಯೂ ಖಾಲಿ, ಎದುರಿನಿಂದ ಗಾಳಿ ಧಾರಾಳ. ಬೆವರಿನ ಮಾತೇ ಇಲ್ಲ. ಗಾಳಿಯಾಡುವ ಮಳೆ ಉಡುಪು ಎಂದು ಇವತ್ತು ಸಾವಿರಗಟ್ಟಲೆ ರೂಪಾಯಿಗೆ ಮಾರುವುದನ್ನು ಅವರು ಕತ್ತಿ ಮತ್ತು ಎಲೆ ಇಟ್ಟುಕೊಂಡು ಮುಗಿಸಿದ್ದರು. ಮಳೆ ಬಡಿದರೆ ಮಾತ್ರ ಪಟಪಟ ಸದ್ದು. ಅವರಿಗೆ ಅದರಿಂದ ತೊಂದರೆ ಇರಲಿಲ್ಲ, ಅದಕ್ಕಿಂತ ಜೋರಾಗಿ ನೇಜಿ ಹಾಡು 'ಓ ಬೇಲೆ' ಹಾಡುತ್ತಿದ್ದರು. ನಾನು ಗೊರಬೆ ಹೊತ್ತು ರಾತ್ರಿ ಪದವಿನಲ್ಲಿ ಬಗ್ಗಿ ಕೂತರೆ ಕಪ್ಪೆಗಳಿಗಿಂತ ಮೊದಲು ದಾರಿಹೋಕರು ಹೆದರುತ್ತಾರೆ.

ಅಂತೂ ಕೋಟಿಗೇ ಬರಬೇಕು. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಯ ನಡುವೆ ರಬ್ಬರ್ ಹಚ್ಚಿ ಪೇಟೆಂಟ್ ಪಡೆದ. ನೀರು ಹೊರಗೆ ನಿಂತಿತು, ಬೆವರು ಒಳಗೆ ನಿಂತಿತು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಬಿಸಿ ಮಾಡಿದ ಟೆಫ್ಲಾನ್ ಕೋಲನ್ನು ಮೆಲ್ಲ ಎಳೆದು ಎಳೆದು ಸಾಕಾಗಿ, ಒಮ್ಮೆ ರಪ್ಪನೆ ಎಳೆದ. ಅದು ತುಂಡಾಗದೆ ಉದ್ದಕ್ಕೆ ಹಿಗ್ಗಿತು. ನಮ್ಮ ನಾನ್‌ಸ್ಟಿಕ್ ದೋಸೆ ಕಾವಲಿಗೆ ಬಳಿಯುವುದೂ ಅದೇ ಟೆಫ್ಲಾನ್. ಹಾಗೆ ಹಿಗ್ಗಿದ ಪೊರೆಯಲ್ಲಿ ಚದರ ಇಂಚಿಗೆ 900 ಕೋಟಿ ರಂಧ್ರ ಎನ್ನುವುದು ತಯಾರಕರ ಲೆಕ್ಕ. ಮಳೆ ಹನಿಗೆ ಅವು ತೀರಾ ಚಿಕ್ಕವು, ಬೆವರಿನ ಆವಿಗೆ ಸಾಕಷ್ಟು ದೊಡ್ಡವು. ಗೋರ್‌ಟೆಕ್ಸ್ ಹುಟ್ಟಿದ್ದು ಹೀಗೆ.

ಆದರೆ ಈ ಪೊರೆ ಒಂಟಿಯಾಗಿ ಬಾಳುವುದಿಲ್ಲ. ಹೊರಗೊಂದು ಗಟ್ಟಿ ಬಟ್ಟೆಗೆ ಅಂಟಿಸಬೇಕು. ಬಿಗಿಯಾಗಿ ನೇಯ್ದ ನೈಲಾನ್‌ಗೆ ಅಂಟಿಸಿದರೆ ನೀರು ಜಾರುತ್ತದೆ, ಸದ್ದು ಬರುತ್ತದೆ. ಹೆಣೆದ, ಉಜ್ಜಿ ನಯವಾದ ರೋಮ ಎಬ್ಬಿಸಿದ ಬಟ್ಟೆಗೆ ಅಂಟಿಸಿದರೆ ಸದ್ದು ಸಾಯುತ್ತದೆ. ಆದರೆ ಆ ರೋಮ ನೀರು ಕುಡಿಯುತ್ತದೆ. ಒಳಗೆ ಬರುವುದಿಲ್ಲ, ಹೊರಗೇ ತುಂಬಿಕೊಂಡು ಕೋಟು ಭಾರವಾಗುತ್ತದೆ. ಒಣಗಿಸಲು ಬೇಸಗೆ ಬರಬೇಕು. ಬಿಲ್ಲಿನವರ ಎಲ್ಲ ಜಗಳವೂ ಕಡೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಸದ್ದಿಲ್ಲದ್ದು ಬೇಕಾದರೆ ಭಾರ ಹೊರಬೇಕು. ಹಗುರ ಬೇಕಾದರೆ ಚರಚರ ಸಹಿಸಬೇಕು. ಎರಡನ್ನೂ ಕೊಡುತ್ತೇವೆ ಎನ್ನುವವರು ಬೆಲೆಯ ಚೀಟಿಯನ್ನು ಕಾಲರಿನೊಳಗೆ ಬಚ್ಚಿಟ್ಟಿರುತ್ತಾರೆ.

ಗಾಳಿಯಾಡುವ ಕಥೆಯೂ ನಮ್ಮಲ್ಲಿ ಅರ್ಧ ಸತ್ಯ. ಒಳಗಿನ ಆವಿ ಹೊರಗೆ ಹೋಗಬೇಕಾದರೆ ಹೊರಗೆ ಜಾಗ ಬೇಕಲ್ಲ? ಕೊಲೊರಾಡೊದ ಒಣ ಬೆಟ್ಟದಲ್ಲಿ ಅದು ಸಲೀಸು. ಮಲ್ಪೆಯ ಮಳೆಗಾಲದಲ್ಲಿ ಗಾಳಿಯೇ ಒದ್ದೆ ಬಟ್ಟೆ. ಆದ್ದರಿಂದ ಪೊರೆಯ ಹೊಗಳಿಕೆಗಿಂತ ಕಂಕುಳಲ್ಲಿ ಜಿಪ್ ಉಂಟಾ ಎಂದು ನೋಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕೂತಾಗ ಬಿಚ್ಚಿಟ್ಟರೆ ನಿಜವಾಗಿ ಗಾಳಿಯಾಡುತ್ತದೆ.

ಕೋಟಿನ ಚೀಟಿಯಲ್ಲಿ 10,000 ಮಿಲಿಮೀಟರ್ ಎಂದು ಬರೆದಿರುವುದನ್ನು ತೋರಿಸಿ ಅದೇ ಅಂಗಡಿಯವರು ಹೆಮ್ಮೆಯಿಂದ ಹೇಳಿದರು, "ನೋಡಿ ಸರ್, ಆಗುಂಬೆಯ ಮಳೆಗಿಂತ ಜಾಸ್ತಿ ತಡೀತದೆ!" ಅದು ಬೇರೆ ಮಿಲಿಮೀಟರ್. ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೆ ಉಂಟಾಗುವ ಒತ್ತಡವನ್ನು ಅದು ತಡೆಯುತ್ತದೆ ಎಂದು ಅರ್ಥ. ಬೀಳುವ ಮಳೆಗೆ ಅಷ್ಟು ಒತ್ತಡ ಇಲ್ಲ. ಒತ್ತಡ ಇರುವುದು ನಾವು ಒದ್ದೆ ಕಲ್ಲಿನ ಮೇಲೆ ಕೂತಾಗ, ಮಂಡಿ ಊರಿದಾಗ, ಬೆನ್ನಿಗೆ ಬ್ಯಾಗು ಬಿಗಿದಾಗ. ಕೋಟು ಕೊಳ್ಳುವಾಗ ಎಲ್ಲರೂ ಹೆಗಲಿನ ಹೊಲಿಗೆ ನೋಡುತ್ತಾರೆ. ಪರೀಕ್ಷೆ ನಡೆಯುವುದು ಕುಂಡೆಯಲ್ಲಿ.

ಇನ್ನು ಟೊಪ್ಪಿ. ಇದರ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ. ಕೋಟು ಎಷ್ಟೇ ಮೆತ್ತಗಿರಲಿ, ಅದರ ಟೊಪ್ಪಿ ಎಳೆದು ದಾರ ಬಿಗಿದ ಕೂಡಲೇ ನಿಮ್ಮ ಕಿವಿ ಒಂದು ಡೇರೆಯೊಳಗೆ ಹೋಯಿತು. ಪ್ರತಿ ಹನಿಯೂ ಅಲ್ಲಿಯೇ ಬೀಳುತ್ತದೆ. ತಲೆ ತಿರುಗಿಸಿದರೆ ಬಟ್ಟೆ ಕಿವಿಗೆ ಉಜ್ಜುತ್ತದೆ. ನಾನು ಅಂಚಿರುವ ಹತ್ತಿಯ ಕ್ಯಾಪ್ ಹಾಕಿ, ಟೊಪ್ಪಿಯನ್ನು ಕಿವಿಯ ಹಿಂದಕ್ಕೆ ಸರಿಸಿ ಕೂರುತ್ತೇನೆ. ಕತ್ತಿನಲ್ಲಿ ಸ್ವಲ್ಪ ನೀರು ಇಳಿಯುತ್ತದೆ. ಇಳಿಯಲಿ. ಕಿವಿ ಮುಚ್ಚಿಕೊಂಡು ಕೇಳಲು ಹೋಗುವುದಕ್ಕಿಂತ ವಾಸಿ. ಜೇಬಿಗೆ ವೆಲ್ಕ್ರೋ ಇರುವ ಕೋಟು ಮಾತ್ರ ಬೇಡವೇ ಬೇಡ. ಟಾರ್ಚ್ ತೆಗೆಯಲು ಹೋದರೆ ಪರ್ರ್ ಎಂದು ಊರಿಗೆಲ್ಲ ಡಂಗುರ. ಜಿಪ್ಪಿನ ಲೋಹದ ತುಂಡನ್ನೂ ಕಿತ್ತು ನೂಲು ಕಟ್ಟಿದ್ದೇನೆ.

ಸ್ಕೂಟರಿಗೆ ಈ ಸದ್ದಿಲ್ಲದ ಕೋಟು ಆಗುವುದಿಲ್ಲ, ಅಲ್ಲಿಗೆ ದಪ್ಪ ಪ್ಲಾಸ್ಟಿಕ್ಕೇ ಸರಿ. ಗಾಡಿಯ ಗದ್ದಲದಲ್ಲಿ ಕೋಟಿನ ಸದ್ದು ಯಾರಿಗೆ ಬೇಕು? ಹಾಗಾಗಿ ಮನೆಯಲ್ಲಿ ಎರಡು ಕೋಟು. "ನೆನೆಯುವುದು ಒಂದೇ ಮೈ, ಎರಡೆಂತಕ್ಕೆ?" ಎಂದು ಹೆಂಡತಿ ಕೇಳುತ್ತಾಳೆ. ಅವಳದ್ದು ಒಂದು ಕೊಡೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಕೊಂಡದ್ದು. ಕಡ್ಡಿ ಬದಲಿಸಿ, ಬಟ್ಟೆ ಹೊಲಿಸಿ ಇನ್ನೂ ನಡೆಯುತ್ತಿದೆ. ಅದರ ಎದುರು ವಾದ ಮಾಡುವುದು ಕಷ್ಟ.

ಕೋಟು ನಂಬಿಕಸ್ಥವೋ ಅಲ್ಲವೋ ಎಂಬುದು ಎರಡನೆಯ ಜೂನ್‌ನಲ್ಲಿ ಗೊತ್ತಾಗುತ್ತದೆ. ಅಗ್ಗದ ಕೋಟುಗಳ ಒಳಗೆ ಪಾಲಿಯುರೆಥೇನ್ ಲೇಪ ಇರುತ್ತದೆ. ತೇವದ ಗಾಳಿಗೆ ಅದು ಮೆಲ್ಲ ಮೆಲ್ಲ ಕರಗಿ ಹಾಳಾಗುತ್ತದೆ. ಕಪಾಟಿನಿಂದ ತೆಗೆದರೆ ಒಳಗೆಲ್ಲ ಅಂಟಂಟು, ಬಿಳಿ ಪುಡಿ ಉದುರುತ್ತದೆ, ಜೊತೆಗೆ ಬೂಷ್ಟಿನ ವಾಸನೆ. ನಮ್ಮ ಹವೆಗೆ ಮಡಿಸಿ ಇಡುವುದೇ ಅಪಾಯ. ಹ್ಯಾಂಗರಿಗೆ ಹಾಕಿ ಗಾಳಿಗೆ ನೇತು ಹಾಕಬೇಕು. ದುಬಾರಿ ಕೋಟಿಗೆ ಬೇರೆ ಕಾಯಿಲೆ. ಹೊಸದರಲ್ಲಿ ಕೆಸುವಿನೆಲೆಯ ಮೇಲಿನ ಹಾಗೆ ನೀರು ಮಣಿಮಣಿಯಾಗಿ ಉರುಳುತ್ತದೆ. ಮೇಲಿನ ಲೇಪ ಕೊಳೆಗೆ, ಉಜ್ಜಾಟಕ್ಕೆ ಸೋತ ಮೇಲೆ ಬಟ್ಟೆ ನೀರು ಕುಡಿಯಲು ಶುರು. ಆಗ ಸೋಪಿನ ಪುಡಿಯ ಅಂಶ ಉಳಿಯದ ಹಾಗೆ ಚೆನ್ನಾಗಿ ಜಾಲಿಸಿ, ಹದವಾದ ಬಿಸಿ ಕೊಟ್ಟರೆ ಲೇಪ ಸ್ವಲ್ಪ ಮಟ್ಟಿಗೆ ಮರಳಿ ಬರುತ್ತದೆ. ಡ್ರೈಯರ್ ಮೆಷಿನ್‌ನಲ್ಲಿ ಹಾಕಿ ಎಂದು ಚೀಟಿ ಹೇಳುತ್ತದೆ.

ನಮ್ಮಲ್ಲಿ ಡ್ರೈಯರ್ ಎಲ್ಲಿಂದ? ಬಚ್ಚಲು ಮನೆಯ ಒಲೆಯಿಂದ ಸಾಕಷ್ಟು ದೂರದಲ್ಲಿ, ತೆಂಗಿನ ಸೋಗೆ ಉರಿಯುವ ಹೊತ್ತಿಗೆ ಹಗ್ಗಕ್ಕೆ ಹಾಕುತ್ತೇನೆ. ನೀರು ಮತ್ತೆ ಉರುಳುತ್ತದೆ, ಆದರೆ ಕೋಟಿಗೆ ಹೊಗೆಯ ವಾಸನೆ ಹಿಡಿಯುತ್ತದೆ. ಬಿಲ್ಲಿನವರು ಕೇಳಿದರೆ ತಲೆ ಚಚ್ಚಿಕೊಂಡಾರು. ಜಿಂಕೆಯ ಮೂಗು ಅದರ ಕಿವಿಗಿಂತ ಚುರುಕು, ಹಾಗಾಗಿ ವಾಸನೆ ಇಲ್ಲದ ಸೋಪು ಬಳಸಿ, ಬಟ್ಟೆಯನ್ನು ಡಬ್ಬಿಯಲ್ಲಿ ಮುಚ್ಚಿಡುವವರು ಅವರು. ಕಪ್ಪೆಗಳ ಕಡೆಯಿಂದ ಇಲ್ಲಿಯವರೆಗೆ ದೂರು ಬಂದಿಲ್ಲ. ದೂರು ಬಂದದ್ದು ಮನೆಯೊಳಗಿನಿಂದ. ಈಗ ಕೋಟನ್ನು ಹಿಂದಿನ ಜಗಲಿಯಲ್ಲೇ ಬಿಟ್ಟು ಒಳಗೆ ಬರಬೇಕೆಂದು ಆಜ್ಞೆಯಾಗಿದೆ.