ಅಂತಿಮ ದರ್ಶನಕ್ಕೆ ಮುಂಗಡ ಬುಕಿಂಗ್

ಕಳೆದ ಭಾನುವಾರ ಪತ್ರಿಕೆಯ ಮಡಿಕೆಯಿಂದ ಜಾರಿಬಿದ್ದ ಆ ನುಣುಪು ಕರಪತ್ರವು ಮೈಸೂರಿನ ಬಹುಪಾಲು ಮನೆಗಳನ್ನು ತಲುಪಿರುವುದರಿಂದ ಅದನ್ನಿಲ್ಲಿ ವರ್ಣಿಸಬೇಕಾಗಿಲ್ಲ. ‘ಕರಗುವ ಮುನ್ನ ನೋಡಿಬನ್ನಿ’ ಎಂದು ಅಲಾಸ್ಕಾದ ಹಿಮನದಿಗೆ ಜನರನ್ನು ಕರೆದಿರುವ ಪ್ರವಾಸ ಸಂಸ್ಥೆಯ ಕಾಳಜಿಯನ್ನು ಮೆಚ್ಚಲೇಬೇಕು. ಗಣ್ಯರು ತೀರಿಕೊಂಡ ಮೇಲೆ ಪಾರ್ಥಿವ ಶರೀರವನ್ನು ಸಾರ್ವಜನಿಕರ ದರ್ಶನಕ್ಕೆ ಇಡುವುದು ನಮ್ಮಲ್ಲಿನ ರೂಢಿ. ಇನ್ನೂ ಜೀವ ಇರುವಾಗಲೇ ಅಂತಿಮ ದರ್ಶನಕ್ಕೆ ಮುಂಗಡ ಬುಕಿಂಗ್ ತೆರೆದು, ಪುಳಿಯೋಗರೆ, ಮೊಸರನ್ನಗಳ ಸಮೇತ, ಹಣವನ್ನು ಕಂತಿನಲ್ಲಿ ಕಟ್ಟುವ ಅನುಕೂಲ ಮಾಡಿಕೊಟ್ಟವರು ಇವರೇ ಮೊದಲಿರಬೇಕು.

ಜಾಗ ಸೊಗಸಾದದ್ದು, ಅದರಲ್ಲಿ ಎರಡು ಮಾತಿಲ್ಲ. ಸೂವರ್ಡ್ ಎಂಬ ಬಂದರು ಪಟ್ಟಣದಿಂದ ಬೆಳಿಗ್ಗೆ ಹೊರಡುವ ದೋಣಿ, 1980ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕೀನೈ ಫ್ಯೋರ್ಡ್ಸ್‌ನ ಕಡಲತೋಳುಗಳನ್ನು ಸುತ್ತಿ ಸಂಜೆಗೆ ಮರಳುತ್ತದೆ. ಅಂಗಾತ ಮಲಗಿ ಹೊಟ್ಟೆಯ ಮೇಲೆ ಚಿಪ್ಪುಮೀನು ಇಟ್ಟುಕೊಂಡು ತಿನ್ನುವ ಕಡಲ ನೀರುನಾಯಿ, ಬಂಡೆಯ ಮೇಲೆ ಜಗಳವಾಡುವ ಕಡಲಸಿಂಹ, ಅದೃಷ್ಟವಿದ್ದರೆ ಹಂಪ್‌ಬ್ಯಾಕ್ ತಿಮಿಂಗಿಲ. ಕೊನೆಗೆ ಐಯಾಲಿಕ್ ಅಥವಾ ಹೋಲ್ಗೇಟ್ ಹಿಮನದಿಯ ಮುಂದೆ ದೋಣಿ ನಿಲ್ಲುತ್ತದೆ ಮತ್ತು ಎಲ್ಲರೂ ಮೊಬೈಲ್ ಎತ್ತಿ ಹಿಡಿದು ಹಿಮ ಮುರಿದು ಬೀಳುವುದನ್ನೇ ಕಾಯುತ್ತಾರೆ. ಕುಕ್ಕರಹಳ್ಳಿ ಕೆರೆಯ ವಾಯುವಿಹಾರಿಗಳ ವಾಟ್ಸ್‌ಆ್ಯಪ್ ಬಳಗಕ್ಕೆ ಅಂಥದೊಂದು ವಿಡಿಯೊ ಬಂದಿತ್ತು. ನೀಲಿ ಗೋಡೆಯಿಂದ ಒಂದು ಚೂರು ಕಳಚಿ ನೀರಿಗೆ ಬಿದ್ದದ್ದೇ ತಡ, ಶಿಳ್ಳೆ, ಚಪ್ಪಾಳೆ, ಹಿನ್ನೆಲೆಯಲ್ಲಿ ಅಚ್ಚ ಮೈಸೂರು ಕನ್ನಡದಲ್ಲಿ ‘ಇನ್ನೊಂದು ಬೀಳತ್ತೆ, ತಡಿಯೇ’. ಕಡಲಿಗಿಳಿಯುವ ಹಿಮನದಿಯ ತುದಿ ಮುರಿಯುವುದು ಸಹಜವೇ. ಆದರೆ ಅದೇ ಉದ್ಯಾನದಲ್ಲಿ ರಸ್ತೆಯಿಂದ ನಡೆದು ತಲುಪಬಹುದಾದ ಎಕ್ಸಿಟ್ ಹಿಮನದಿಯ ದಾರಿಯುದ್ದಕ್ಕೂ, ಯಾವ ವರ್ಷ ಹಿಮ ಎಲ್ಲಿಯವರೆಗೆ ಇತ್ತೆಂದು ಇಸವಿ ಬರೆದು ಫಲಕ ನೆಟ್ಟಿದ್ದಾರೆ. ಅದರ ಪಕ್ಕದಲ್ಲೂ ಸೆಲ್ಫಿ ಚೆನ್ನಾಗಿಯೇ ಬರುತ್ತದೆಯಂತೆ.

ಲೆಕ್ಕಾಚಾರ ಬಲ್ಲ ಮೈಸೂರಿಗರಿಗಾಗಿ ಒಂದು ಮಾಹಿತಿ. ಒಂದು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿದರೆ ಉತ್ತರ ಧ್ರುವ ಸಾಗರದ ಸೆಪ್ಟೆಂಬರ್ ತಿಂಗಳ ಹಿಮದಲ್ಲಿ ಸುಮಾರು 3 ಚದರ ಮೀಟರ್ ಕರಗುತ್ತದೆಂದು 2016ರಲ್ಲಿ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿದರು. ನಮ್ಮ ಸೈಟಿನ ಭಾಷೆಯಲ್ಲಿ ಅದು 32 ಚದರ ಅಡಿ. ಅಷ್ಟು ದೂರ ವಿಮಾನದಲ್ಲಿ ಹೋಗಿಬರಲು ತಲೆಗೆ ಒಂದು ಟನ್ನು ಮೀರಿಯೇ ಮೀರುವುದರಿಂದ, ನಾಲ್ವರ ಸಂಸಾರವೊಂದು ಹಿಮದ ಬಗ್ಗೆ ಮರುಗಿ ಮನೆಗೆ ಬರುವಷ್ಟರಲ್ಲಿ ಒಂದು ಮಲಗುವ ಕೋಣೆಯಷ್ಟು ಹಿಮವನ್ನು ಕರಗಿಸಿಯೇ ಬಂದಿರುತ್ತದೆ. ಖಾತೆ, ಕಂದಾಯ ಏನೂ ಇಲ್ಲ.

ಅಲಾಸ್ಕಾದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲದಿಂದ 100 ಗಜ ದೂರವಿರಬೇಕೆಂಬ ನಿಯಮವನ್ನು ನಮ್ಮವರು ಚಾಚೂ ತಪ್ಪದೆ ಪಾಲಿಸುತ್ತಾರೆ, ಏಕೆಂದರೆ ಅಲ್ಲಿ ದಂಡ ಡಾಲರಿನಲ್ಲಿದೆ. ಸಾಲಿಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ ನಮ್ಮ ರಂಗನತಿಟ್ಟಿನಲ್ಲಿ ಇದೇ ಜನ ಮಾಡುವುದೇನು? ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಅಲುಗಾಡಲಿಲ್ಲವೆಂದು ಕೇಕೆ ಹಾಕುತ್ತಾರೆ, ಮರಿಗಳಿರುವ ಗೂಡಿನ ಕೆಳಗೆ ರಿಂಗ್‌ಟೋನ್ ಹಚ್ಚುತ್ತಾರೆ, ‘ಸ್ವಾಮಿ, ಕೂಗಬೇಡಿ’ ಎನ್ನುವ ದೋಣಿಯವನಿಗೇ ಬುದ್ಧಿ ಹೇಳುತ್ತಾರೆ. ಕಾವೇರಿಯಲ್ಲಿ ನೀರುನಾಯಿ ಇದೆಯೆಂಬುದೇ ಬಹಳ ಮಂದಿಗೆ ಗೊತ್ತಿಲ್ಲ. ಆಳುವವರಂತೂ ಕೃಷ್ಣರಾಜಸಾಗರದ ಬಳಿ ಡಿಸ್ನಿಲ್ಯಾಂಡ್ ಮಾದರಿಯ ಮೋಜಿನ ಉದ್ಯಾನವನ್ನು 2018ರಿಂದ ಆಗಾಗ ಕನವರಿಸುತ್ತಲೇ ಇದ್ದಾರೆ. ನಾಲೆಗೆ ನೀರು ಬಿಡಿ ಎಂದು ಮಂಡ್ಯದ ರೈತ ಕೂಗಿದರೆ ಅವನಿಗೆ ಜೈಂಟ್ ವ್ಹೀಲ್ ತೋರಿಸುವುದಕ್ಕೆ ನಾಚಿಕೆಯಾದರೂ ಬೇಡವೇ? ಇದನ್ನೆಲ್ಲ ತಮಾಷೆಯಾಗಿ ಬರೆಯಬೇಕೆಂದೇ ಕುಳಿತಿದ್ದೆ, ಆದರೆ ಸಾಕಾಗಿದೆ.

ಕಂತು ಕಟ್ಟಿಯಾಗಿದೆ ಎನ್ನುವವರು ಹೊರಡುವ ಮೊದಲು ರಂಗನತಿಟ್ಟಿನ ದೋಣಿಯಲ್ಲಿ ಸುಮ್ಮನೆ ಕೂರುವ ಅಭ್ಯಾಸವನ್ನಾದರೂ ಮಾಡಿಕೊಳ್ಳಬಹುದು. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ದೋಣಿವಿಹಾರ ನಿಲ್ಲುತ್ತದೆ, ಬೇಗ ಹೋಗಿಬನ್ನಿ. ಪುಳಿಯೋಗರೆಯನ್ನು ಮಾತ್ರ ನೀವೇ ಕಟ್ಟಿಕೊಂಡು ಹೋಗಬೇಕು, ಎಲೆಯನ್ನು ವಾಪಸು ತರಬೇಕು.